ಆಯುಧಪೂಜೆಯ ದಿನ ಪಂಪು ನಿಲ್ಲಿಸಿದವರು

ನಮ್ಮ ಯಜಮಾನರ ಹೆಸರು ಕರಿಬಸವಯ್ಯ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎನ್ನುವ ಮನೆಯಲ್ಲಿ ನಾನು ಬೆಳೆದವಳು. ಈಗ ನಾನೂ ಹೇಳದಿದ್ದರೆ ಇನ್ಯಾರು ಹೇಳುತ್ತಾರೆ? ಒಂದು ಸಲ ಬರೆದಿದ್ದೇನೆ. ಇನ್ನು ಮುಂದೆ ‘ಇವರು’ ಎಂದೇ ಬರೆಯುತ್ತೇನೆ. ನನಗೆ ಅದೇ ರೂಢಿ.

ಪುಷ್ಯಮಾಸದಲ್ಲಿ ಒಂದು ಮಂಗಳವಾರ ಕೆಲಸಕ್ಕೆ ಹೋಗುವಾಗ ಸಿಟಿ ಬಸ್ಸಿನಲ್ಲಿ ಕೂತಲ್ಲೇ ಹೋದರು. ಐವತ್ತೆಂಟು ವರ್ಷ. ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದೆವು. ಆ ದಿನದ ಬಗ್ಗೆ ಇಷ್ಟೇ. ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಇವರು ಏನು ಕೆಲಸ ಮಾಡುತ್ತಿದ್ದರು, ಅದರಲ್ಲಿ ಎಂಥ ತಪ್ಪು ಮಾಡಿದರು, ಆ ತಪ್ಪಿನಿಂದ ಏನಾಯಿತು, ಅದನ್ನು ಬರೆಯುತ್ತೇನೆ. ನಾನು ಓದಿದ್ದು ಐದನೇ ಕ್ಲಾಸು. ನನಗೆ ತಿಳಿಯದ್ದನ್ನು ಲಾಸ್ಯ ಮೇಡಂ ಹತ್ತಿರ ಕೇಳಿ ಬರೆದಿದ್ದೇನೆ. ಅವರು ಯಾರು ಎಂದು ಮುಂದೆ ಹೇಳುತ್ತೇನೆ.

ಇವರದು ಫ್ರಿಜ್ ಮತ್ತು ಏಸಿ ರಿಪೇರಿ ಕೆಲಸ. ಕಲಿತದ್ದು ಮಂಡಿ ಮೊಹಲ್ಲಾದ ಗನಿ ಸಾಬರ ಅಂಗಡಿಯಲ್ಲಿ. ಅಯ್ಯನವರ ಮನೆಯ ಮಗ ಮಠದಲ್ಲಿ ಮಂತ್ರ ಕಲಿಯುವುದು ಬಿಟ್ಟು ಸಾಬರ ಅಂಗಡಿಯಲ್ಲಿ ಗ್ಯಾಸ್ ತುಂಬುವುದು ಕಲಿತ ಎಂದು ನಮ್ಮ ಮಾವನವರಿಗೆ ಕೊನೆಯವರೆಗೂ ಸಿಟ್ಟಿತ್ತು. ಇವರಿಗೆ ಎರಡೂ ಬರುತ್ತಿತ್ತು.

ಗನಿ ಸಾಬರು ಪೂಜೆ ಮಾಡುವವರಲ್ಲ. ಆದರೆ ಆಯುಧಪೂಜೆಯ ಹಿಂದಿನ ದಿನ ಬೂದುಗುಂಬಳಕಾಯಿ, ಸೇವಂತಿಗೆ ಹೂವು, ನಿಂಬೆಹಣ್ಣು ತಾವೇ ಹೋಗಿ ತರುತ್ತಿದ್ದರು. “ವರ್ಷ ಪೂರಾ ನಿಮ್ಗೆ ಯಾರಿಗೂ ಶಾಕ್ ಹೊಡೀಬಾರ್ದಲ್ಲ, ಅದಕ್ಕೆ” ಎನ್ನುತ್ತಿದ್ದರಂತೆ. ಆ ಅಂಗಡಿಯಲ್ಲಿ ಒಂದು ನೇಮವಿತ್ತು. ಓಡುವ ಯಂತ್ರಕ್ಕೆ ಪೂಜೆ ಇಲ್ಲ. ಮೊದಲು ನಿಲ್ಲಿಸಬೇಕು. ಒರೆಸಬೇಕು. ವಿಭೂತಿ ಹಚ್ಚಿ ಹೂವು ಇಡಬೇಕು. ಆಮೇಲೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಅದಕ್ಕೂ ಒಂದು ದಿನ ರಜೆ. ಇವರು ಮೂವತ್ತೈದು ವರ್ಷ ಈ ನೇಮ ತಪ್ಪಿಸಲಿಲ್ಲ. ನಮ್ಮ ಮನೆಯ ಮಿಕ್ಸಿಗೂ ಅವತ್ತು ರಜೆ. ಹಬ್ಬದ ದಿನ ನಾನು ಒರಳಲ್ಲಿ ರುಬ್ಬಬೇಕಿತ್ತು.

“ಓಡ್ತಾ ಇರೋನ್ ಹಣೆಗೆ ವಿಭೂತಿ ಹಚ್ಚಕ್ಕೆ ಹೋದ್ರೆ ಕಣ್ಣಿಗೇ ಹೋಗೋದು ಕಣೇ” ಎನ್ನುತ್ತಿದ್ದರು.

ಎಂಟು ವರ್ಷದ ಹಿಂದೆ, ಗುತ್ತಿಗೆ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯವರು ಇವರನ್ನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿಗೆ ಹಾಕಿದರು. ಲ್ಯಾಬಿನ ಹೆಸರು ಬೇಡ. ಅಲ್ಲಿ ಕಂಪ್ಯೂಟರಿನ ಚಿಪ್ ಹೇಗಿರಬೇಕೆಂದು ಯೋಚಿಸಿ ನಕ್ಷೆ ಬರೆಯುತ್ತಾರೆ. ಹೊರದೇಶದಲ್ಲಿ ಅದನ್ನು ಮಾಡಿ ಕಳಿಸುತ್ತಾರೆ. ಬಂದ ಮೇಲೆ ಇಲ್ಲಿ ಓಡಿಸಿ ನೋಡುತ್ತಾರೆ. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವುದು ಆ ಚಿಪ್ಪೇ. ಪ್ರೊಸೆಸರ್ ಎನ್ನುತ್ತಾರೆ. ಅದನ್ನು ತಂಪಾಗಿ ಇಡುವುದು ಇವರ ಕೆಲಸ.

ಮೊದಲ ದಿನ ಬಂದು ಹೇಳಿದಾಗ ನನಗೆ ನಗು ಬಂತು. “ಕಂಪ್ಯೂಟರಿಗೆ ಯಾಕ್ರೀ ಏಸಿ? ಅದೇನ್ ಡಿಸಿ ಸಾಹೇಬ್ರಾ?”

ನಾನು ಮನೆಯಲ್ಲಿ ಊದುಬತ್ತಿ ಹೊಸೆಯುತ್ತೇನೆ. ಅವತ್ತೂ ಮಣೆ ಮುಂದೆ ಕೂತಿದ್ದೆ. ಇವರು ಎದುರಿಗೆ ಕೂತರು.

“ನೀನೊಬ್ಳು ದಿನಕ್ಕೆ ಮೂರು ಸಾವ್ರ ಬತ್ತಿ ಹೊಸೀತೀಯ. ಮೂರು ಸಾವ್ರ ಜನ ಒಂದೊಂದು ಹೊಸುದ್ರೆ?”

“ಕಣ್ ಮುಚ್ಚಿ ತೆಗೆಯೋದ್ರಲ್ಲಿ ಆಯ್ತದೆ.”

“ಆ ಮೂರು ಸಾವ್ರ ಜನಾನೂ ಈ ಮನೆ ಒಳ್ಗೇ ಕೂರ್ಸುದ್ರೆ?”

“ಸೆಕೇಲೇ ಸಾಯ್ತಾರೆ.”

“ಅಷ್ಟೇ ಕಣೇ. ಉಗುರಿನಷ್ಟು ಜಾಗದಲ್ಲಿ ಕೋಟಿಗಟ್ಲೆ ಜನ ಕೂತು ಬತ್ತಿ ಹೊಸೀತಾವ್ರೆ ಅನ್ಕೋ. ಅವ್ರು ಸಾಯ್ದಂಗೆ ನೋಡ್ಕೊಳೋದು ನನ್ ಕೆಲ್ಸ.”

ಪ್ರೊಸೆಸರ್ ಎಂದರೆ ಏನು ಎಂದು ನನಗೆ ಗೊತ್ತಿರುವುದು ಇಷ್ಟೇ. ಲಾಸ್ಯ ಮೇಡಂಗೂ ಹೇಳಿದೆ. ಇಷ್ಟು ಸಾಕು ಅಮ್ಮ ಎಂದರು.

ಲಾಸ್ಯ ಲಕ್ಷ್ಮೀಪುರಂ ಕಡೆಯ ಹುಡುಗಿ. ವಯಸ್ಸು ಮೂವತ್ಮೂರು. ಆ ಲ್ಯಾಬಿನಲ್ಲಿ ಆರು ಜನರ ಒಂದು ಗುಂಪಿಗೆ ಅವಳೇ ದೊಡ್ಡವಳು. ನಾಲ್ಕು ವರ್ಷ ಕೂತು ಆ ಆರು ಜನ ಒಂದು ಹೊಸ ಚಿಪ್ ಮಾಡಿದ್ದರು. ಬೇರೆ ಕಂಪ್ಯೂಟರು ಗಂಟೆಗಟ್ಟಲೆ ಮಾಡುವ ಲೆಕ್ಕವನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಬೇಕು. ಅಷ್ಟು ಅವಸರ ಯಾಕೆ ಎಂದು ಇವರು ಕೇಳಿದ್ದರಂತೆ. ಲಾಸ್ಯ ಹೇಳಿದ್ದು ಹೀಗೆ.

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ ಇರುವವರಿಗೆ ಕರೆಂಟ್ ಕೊಡುತ್ತಾರಲ್ಲ, ಕಿರಣ ಬಿಟ್ಟು ಸುಡುತ್ತಾರೆ. ಆದರೆ ಮನುಷ್ಯ ಉಸಿರಾಡುತ್ತಾನೆ. ಉಸಿರಾಡಿದರೆ ಗೆಡ್ಡೆ ಜರುಗುತ್ತದೆ. ಕಿರಣ ಪಕ್ಕದ ಒಳ್ಳೆಯ ಜಾಗವನ್ನೂ ಸುಡುತ್ತದೆ. ದೊಡ್ಡ ಊರುಗಳ ಆಸ್ಪತ್ರೆಯಲ್ಲಿ ಇದಕ್ಕೆ ಏನೇನೋ ಉಪಾಯ ಇದೆಯಂತೆ. ಉಸಿರು ಹಿಡಿದುಕೊಳ್ಳಿ ಎನ್ನುತ್ತಾರಂತೆ. ಕೆಮ್ಮುವವರು ಹೇಗೆ ಹಿಡಿದುಕೊಳ್ಳುತ್ತಾರೆ? ಒಂದೊಂದು ಉಸಿರಿಗೂ ಒಳಗೆ ಎಷ್ಟು ಸುಡುತ್ತಿದೆ ಎನ್ನುವ ಪೂರ್ತಿ ಲೆಕ್ಕವನ್ನು ಆ ಕ್ಷಣವೇ ಮಾಡಿ ಕಿರಣವನ್ನು ಸರಿಸಬೇಕು. ಅದಕ್ಕೆ ಈ ಚಿಪ್. ಅದೂ ಸಣ್ಣ ಊರಿನ ಆಸ್ಪತ್ರೆಗೂ ಸಿಗುವಂತೆ. ಹೊಳೆಗೆ ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಹೇಳುವುದಕ್ಕೂ ಇಂಥದ್ದೇ ಬೇಕಂತೆ. ಮುಂದೆ ನೂರೆಂಟು ಕೆಲಸಕ್ಕೆ ಬರುತ್ತದೆ, ಮೊದಲು ಇದು ಎಂದಳಂತೆ.

ಇವರು ಮನೆಗೆ ಬಂದು ಇದನ್ನು ನನಗೆ ಮೂರು ಸಲ ಹೇಳಿದರು. ಕಂಪ್ರೆಸರ್ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಇವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಚಿಪ್ಪಿಗೆ ಒಂದೇ ರೋಗ. ಬಿಸಿ. ಅದರ ಬೆನ್ನಿಗೆ ಒಂದು ತಾಮ್ರದ ತಟ್ಟೆ. ತಟ್ಟೆಯೊಳಗೆ ಕೂದಲಿನಷ್ಟು ಸಣ್ಣ ಕಾಲುವೆಗಳು. ಆ ಕಾಲುವೆಯಲ್ಲಿ ತಣ್ಣೀರು ಹರಿಯುತ್ತಿರಬೇಕು. ಹಿಂದಿನ ಕೋಣೆಯಲ್ಲಿರುವ ಪಂಪು ನೀರು ತಳ್ಳುತ್ತದೆ. ಬಿಸಿ ತೊಂಬತ್ತು ಡಿಗ್ರಿ ದಾಟಿದರೆ ಚಿಪ್ ತಾನಾಗಿ ನಿಧಾನ ಮಾಡಿಕೊಳ್ಳುತ್ತದೆ. ಇನ್ನೂ ಏರಿದರೆ ಆರಿಹೋಗುತ್ತದೆ.

ಆಸ್ಪತ್ರೆಗೆ ಯಂತ್ರ ಮಾಡಿಸುವ ಒಂದು ಟ್ರಸ್ಟಿನವರು ಷರತ್ತು ಹಾಕಿದ್ದರು. ಇಪ್ಪತ್ತನಾಲ್ಕು ಗಂಟೆ ಪೂರ್ತಿ ವೇಗದಲ್ಲಿ, ಒಂದು ಸಲವೂ ನಿಧಾನವಾಗದೆ ಓಡಬೇಕು. ಓಡಿದರೆ ಮುಂದಿನ ಕೆಲಸ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಐದು ತಿಂಗಳಿಂದ ಓಡಿಸಿ ನೋಡುತ್ತಿದ್ದರು. ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ. ಗಂಟೆ ಕಳೆದಂತೆ ಬಿಸಿ ಏರುತ್ತದೆ. ಇಪ್ಪತ್ತು ಗಂಟೆ ದಾಟಿದ್ದೇ ಇಲ್ಲ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ತಾನು ಬರೆದ ನಕ್ಷೆಯೇ ತಪ್ಪಿರಬೇಕು ಎಂದು ಲಾಸ್ಯಳಿಗೆ ಭಯ ಹತ್ತಿತ್ತು. ಟ್ರಸ್ಟಿನವರು ಇನ್ನು ಎರಡೇ ಅವಕಾಶ ಎಂದರು. ಒಂದು ದಸರೆಗೆ. ಇನ್ನೊಂದು ಮಾಘದಲ್ಲಿ.

ದಸರೆಯ ಟೆಸ್ಟನ್ನು ಆಯುಧಪೂಜೆಯ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಶುರುಮಾಡಿದರು. ಮಾರನೇ ದಿನ ನಾಲ್ಕಕ್ಕೆ ಮುಗಿಯಬೇಕು. ರಜೆ, ಜನರ ಗಲಾಟೆ ಇಲ್ಲ ಎಂದು ಆ ದಿನ ಆರಿಸಿದ್ದರು. ಬೆಳಿಗ್ಗೆ ಇವರು ಹೂವು, ವಿಭೂತಿ, ನಿಂಬೆಹಣ್ಣು ತೆಗೆದುಕೊಂಡು ಹೋದರು. ಅಲ್ಲಿನ ಕಟ್ಟಡ, ಕರೆಂಟು ಎಲ್ಲ ನೋಡಿಕೊಳ್ಳುವವನು ಶಿವಕಿರಣ್. ನಮ್ಮವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೂ ಇವರ ಮೇಲಿನವನು.

“ಅಯ್ಯನೋರೆ, ಕಂಪ್ಯೂಟರ್ ರೂಮಲ್ಲಿ ಏನೂ ಮುಟ್ಬೇಡಿ. ಹಿಂದೆ ಪಂಪ್ ರೂಮಲ್ಲಿ ಬೇಕಾದ್ರೆ ಕೋಣಾನೇ ಕಡೀರಿ” ಎಂದನಂತೆ.

“ನಾವ್ ಕಡಿಯೋರಲ್ಲಪ್ಪ. ಕುಂಬಳಕಾಯಿಗೂ ಕೈ ನಡುಗ್ತದೆ” ಎಂದರಂತೆ ಇವರು.

ಹನ್ನೊಂದು ಗಂಟೆಗೆ ಪಂಪಿನ ಮುಂದೆ ಕೂತರು. ಪಂಪು ಓಡುತ್ತಿದೆ. ಓಡುವ ಯಂತ್ರಕ್ಕೆ ಪೂಜೆ ಇಲ್ಲ. ಯೋಚನೆ ಮಾಡಿದರು. ಕಂಪ್ಯೂಟರ್ ಮುಟ್ಟಬೇಡಿ ಎಂದಿದ್ದಾರೆ, ಪಂಪು ಮುಟ್ಟಬೇಡಿ ಎಂದಿಲ್ಲ. ಟ್ಯಾಂಕಿನ ತುಂಬ ತಣ್ಣೀರಿದೆ. ಫ್ರಿಜ್ಜನ್ನು ಐದು ನಿಮಿಷ ಆರಿಸಿದರೆ ಹಾಲು ಒಡೆಯುವುದಿಲ್ಲ. ಒಂದು ದಿನ ರಜೆ ಕೊಡಲಂತೂ ಆಗುವುದಿಲ್ಲ, ಐದು ನಿಮಿಷವಾದರೂ ಕೊಡೋಣ ಎಂದುಕೊಂಡರು. ಸ್ವಿಚ್ ಆರಿಸಿದರು.

ಚಿಪ್ ಫ್ರಿಜ್ಜಲ್ಲ. ಇವರು ವಿಭೂತಿ ಹಚ್ಚುವಷ್ಟರಲ್ಲೇ ಅದು ಬಿಸಿ ಏರಿ ತಾನಾಗಿ ಆರಿಹೋಯಿತು. ಹತ್ತೊಂಬತ್ತು ಗಂಟೆ ಓಡಿದ್ದು ನೀರಿಗೆ ಹೋಯಿತು. ಆ ಕಡೆ ಲಾಸ್ಯ ಕಿರುಚಿದ್ದು ಈ ಕಡೆ ಮಂಗಳಾರತಿಯ ಗಂಟೆಯಲ್ಲಿ ಇವರಿಗೆ ಕೇಳಿಸಲಿಲ್ಲ. ಪೂಜೆ ಮುಗಿಸಿ, ಪಂಪು ಹಾಕಿ, ಪ್ರಸಾದ ಹಿಡಿದುಕೊಂಡು ಹೋದರೆ ಎಲ್ಲರೂ ಮುಖ ಜೋಲು ಹಾಕಿಕೊಂಡು ನಿಂತಿದ್ದಾರೆ.

ಏನಾಗಿದೆ ಎಂದು ಶಿವಕಿರಣನಿಗೆ ತಕ್ಷಣ ಗೊತ್ತಾಯಿತು. ಇವರನ್ನು ಪಕ್ಕಕ್ಕೆ ಎಳೆದ. “ಬಾಯ್ ಬಿಡ್ಬೇಡಿ ಅಯ್ಯನೋರೆ. ನಿಮ್ ಕೆಲ್ಸಾನೂ ಹೋಗ್ತದೆ, ಪರ್ಮಿಷನ್ ಕೊಟ್ಟ ನಂದೂ ಹೋಗ್ತದೆ. ಪಂಪ್ ರೂಮಿಗೆ ಕರೆಂಟ್ ಕಟ್ ಆಗಿತ್ತು ಅಂತ ಬರ್ದ್ಬುಡ್ತೀನಿ.”

ಮೂರು ಗಂಟೆಗೆ ಮನೆಗೆ ಬಂದರು. ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಆಟೋ, ಸ್ಕೂಟರಿಗೆಲ್ಲ ಬಾಳೆಕಂದು ಕಟ್ಟಿಕೊಂಡು ಜನ ಓಡಾಡುತ್ತಿದ್ದರು. ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿದರು. ಎಲೆ ಹಾಕಿದೆ. ಪಾಯಸ ಬಡಿಸಿದೆ. ಮುಟ್ಟಲಿಲ್ಲ. ಕೇಳಿದ ಮೇಲೆ ಎಲ್ಲ ಹೇಳಿದರು.

ನಾನು ಏನು ಹೇಳಿದೆ ಎಂದು ಬರೆಯಬೇಕು. ಬರೆಯುತ್ತೇನೆ. “ಬಾಯ್ ಮುಚ್ಕೊಂಡಿರಿ” ಎಂದೆ.

“ಆ ಹುಡ್ಗಿ ಅಳ್ತಾ ಇತ್ತು ಕಣೇ.”

“ನೀವ್ ಹೇಳ್ಬುಟ್ರೆ ಅಳು ನಿಂತೋಯ್ತದಾ? ಹಾಳಾಗಿದ್ದು ಹಾಳಾಯ್ತು. ಈ ವಯಸ್ಸಲ್ಲಿ ಯಾರ್ರೀ ನಿಮ್ಗೆ ಕೆಲ್ಸ ಕೊಡ್ತಾರೆ?”

“ಮೊದ್ಲೇ ಬಿಸಿ ಏರ್ತಾ ಇತ್ತಲ್ಲ, ತನ್ನ ನಕ್ಷೆನೇ ತಪ್ಪು ಅಂದ್ಕೊಂಡಿದೆ.”

“ಅಂದ್ಕೊಳ್ಲಿ. ಓದಿರೋರು. ಅವ್ರೇ ಕಂಡು ಹಿಡ್ಕೋತಾರೆ.”

ವಿಜಯದಶಮಿಯ ದಿನ ಪಂಜಿನ ಕವಾಯತಿಗೆ ಊರೆಲ್ಲ ನಮ್ಮ ಮನೆ ಮುಂದೆಯೇ ಹಾದುಹೋಯಿತು. ಇವರು ಬಾಗಿಲ ಹೊರಗೆ ಕಾಲಿಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಿಂಡಿ ತಿನ್ನದೆ ಹೋದರು. ಹೇಳಲು ಹೋಗುತ್ತಿದ್ದಾರೆ ಎಂದು ಬೆನ್ನು ನೋಡಿದರೇ ಗೊತ್ತಾಯಿತು.

ಅಲ್ಲಿ ಏನಾಯಿತು ಎಂದು ಲಾಸ್ಯ ಆಮೇಲೆ ನನಗೆ ಹೇಳಿದ್ದಾಳೆ. ಅವತ್ತು ಅವಳ ತಲೆನೋವು ಬೇರೆಯೇ ಇತ್ತು. ಟೆಸ್ಟ್ ಹಾಳಾದ ಮೇಲೆ, ಹೇಗೂ ಹೋಯಿತಲ್ಲ ಎಂದು, ಚಿಪ್ಪನ್ನು ಮತ್ತೆ ಹಚ್ಚಿ ಹಾಗೇ ಬಿಟ್ಟು ಮನೆಗೆ ಹೋಗಿದ್ದಳು. ಬಂದು ನೋಡಿದರೆ, ಪೂಜೆಗೆ ಮೊದಲು ಎಂಬತ್ತೇಳು ಡಿಗ್ರಿ ಇದ್ದ ಬಿಸಿ ಆಮೇಲೆ ಎಪ್ಪತ್ತೊಂದಕ್ಕೆ ಇಳಿದಿದೆ. ಹತ್ತಾರು ಗಂಟೆ ಅಲ್ಲೇ ಇದ್ದು ಮೆಲ್ಲಗೆ ಏರಿದೆ. ಐದು ತಿಂಗಳಲ್ಲಿ ಅಷ್ಟು ತಂಪು ಯಾವತ್ತೂ ಇರಲಿಲ್ಲ.

“ಕರೆಂಟ್ ಹೋಗಿ ಬಂದ್ರೆ ಬಿಸಿ ಯಾಕ್ ಕಮ್ಮಿ ಆಗುತ್ತೆ ಶಿವಕಿರಣ್?”

“ಒಳ್ಳೇದೇ ಆಯ್ತಲ್ಲ ಮೇಡಂ, ಬಿಡಿ.”

“ಯಾಕ್ ಒಳ್ಳೇದಾಯ್ತು ಅಂತ ಗೊತ್ತಿಲ್ದೆ ಇದ್ರೆ ಅದು ಒಳ್ಳೇದಲ್ಲ.” ಪ್ರೋಗ್ರಾಮನ್ನೆಲ್ಲ ಬಿಚ್ಚಿ ಮೊದಲಿಂದ ಬರೆಯೋಣ, ತಪ್ಪು ಅಲ್ಲೇ ಇದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಆಗ ಇವರು ಬಾಗಿಲಲ್ಲಿ ಬಂದು ನಿಂತರು.

“ಕರೆಂಟ್ ಹೋಗಿರ್ಲಿಲ್ಲ ಕಣಮ್ಮ. ಪಂಪು ನಾನೇ ನಿಲ್ಸ್ದೆ. ಪೂಜೆಗೆ.”

“ಪೂಜೆಗಾ?”

“ಪೂಜೆಗೆ.”

“ಎಷ್ಟೊತ್ತು?”

“ಮಂಗಳಾರತಿ ಮುಗಿಯೋಗಂಟ.”

“ಮಂಗಳಾರತಿ ಎಷ್ಟು ನಿಮಿಷ ಅಯ್ಯನೋರೆ?”

“ಐದು ಅಂದ್ಕೊಂಡಿದ್ದೆ. ನಿಮ್ ಟೆಸ್ಟು ಚೆನ್ನಾಗಾಗ್ಲಿ ಅಂತ ಒಂದು ಮಂತ್ರ ಜಾಸ್ತಿ ಹೇಳ್ದೆ. ಆರಾಯ್ತು.”

ಲಾಸ್ಯ ಎದ್ದು ಹೊರಗೆ ಹೋದಳು. ಹೊರಗೆ ಒಂದು ಹೊಂಗೆ ಮರ ಇದೆ. ಅದರ ಕೆಳಗೆ ಅರ್ಧ ಗಂಟೆ ನಿಂತಿದ್ದಳಂತೆ. ಬಾಯಿಗೆ ಬಂದಂತೆ ಬೈಯಬೇಕು ಎನಿಸಿತ್ತು ಅಮ್ಮ, ನಮ್ಮಪ್ಪನ ವಯಸ್ಸಿನವರು ಅಂತ ಮರಕ್ಕೆ ಬೈದೆ ಎಂದಳು. ಬೈದು ಮುಗಿದ ಮೇಲೆ, ಪಂಪು ನಿಂತಿದ್ದಕ್ಕೇ ಬಿಸಿ ಇಳಿದಿರಬೇಕು ಎಂದು ತಲೆಗೆ ಹೊಳೆಯಿತು. ಒಳಗೆ ಓಡಿಬಂದಳು.

“ಬನ್ನಿ. ಅವತ್ತು ಏನೇನ್ ಮಾಡಿದ್ರೋ ಹಾಗೇ ಮಾಡಿ ತೋರ್ಸಿ.”

“ಚಿಪ್ ಸುಟ್ಟೋಯ್ತದೆ.”

“ಚಿಪ್ ಆರ್ಸಿದೀನಿ. ಮಾಡಿ. ಮಂತ್ರಾನೂ ಬಿಡ್ಬೇಡಿ.”

ಇವರು ಪಂಪು ನಿಲ್ಲಿಸಿದರು. ಹೂವಿಲ್ಲ, ವಿಭೂತಿ ಇಲ್ಲ. ನಿಂತುಕೊಂಡು ಮಂತ್ರ ಹೇಳಿದರು. ಆರು ನಿಮಿಷ. ಶಿವಕಿರಣ್ ನೆಲ ನೋಡುತ್ತ ನಿಂತಿದ್ದ. ಮತ್ತೆ ಪಂಪು ಹಾಕಿದರು. ಪೈಪಿನಲ್ಲಿ ಗುಳುಗುಳು ಎಂದು ಸದ್ದಾಯಿತು.

“ಇದೇನ್ ಸದ್ದು?”

“ಗಾಳಿ ಕಣಮ್ಮ. ನೀರಲ್ಲಿ ಸೇರ್ಕೊಂಡಿತ್ತು, ಈಚೆ ಬಂತು. ಯಾವ ಪಂಪ್ ನಿಲ್ಸಿ ಹಾಕುದ್ರೂ ಬರ್ತದೆ. ನಿಮ್ಮನೆ ಸಂಪಿನ ಪಂಪಲ್ಲಿ ಕೇಳಿಲ್ವಾ?”

“ನಮ್ಮನೇಲಿ ಪಂಪ್ ಹಾಕೋದು ನಮ್ಮಮ್ಮ.”

“ಅಮ್ಮನ್ ಕೇಳ್ಬೇಕಾಗಿತ್ತು ಬುಡಿ, ಐದು ತಿಂಗ್ಳ ಹಿಂದೆ” ಎಂದರಂತೆ ಇವರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರಂತೆ. ಲಾಸ್ಯಳಿಗೆ ನಗು ಬಂದುಬಿಟ್ಟಿತು.

ವಿಷಯ ಇಷ್ಟೇ. ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಇರುತ್ತವೆ. ಅವು ಹೋಗಿ ಚಿಪ್ಪಿನ ಬೆನ್ನಿನ ಆ ಕೂದಲಿನಂಥ ಕಾಲುವೆಗಳಲ್ಲಿ ಕೂರುತ್ತಿದ್ದವು. ಗುಳ್ಳೆ ಕೂತ ಕಡೆ ನೀರು ತಾಗುವುದಿಲ್ಲ. ಗಂಟೆ ಕಳೆದಂತೆ ಗುಳ್ಳೆ ಹೆಚ್ಚಾಗುತ್ತದೆ, ಬಿಸಿ ಏರುತ್ತದೆ. ಪಂಪು ನಿಂತರೆ ಗುಳ್ಳೆ ಎದ್ದು ಮೇಲಕ್ಕೆ ಬರುತ್ತದೆ. ಮತ್ತೆ ಹಾಕಿದರೆ ಟ್ಯಾಂಕಿಗೆ ಹೋಗಿ ಒಡೆಯುತ್ತದೆ. ಆದರೆ ಆ ಲ್ಯಾಬಿನಲ್ಲಿ ಪಂಪು ಒಂದು ಕ್ಷಣವೂ ನಿಲ್ಲಬಾರದು ಎಂದು ಕಟ್ಟಪ್ಪಣೆ ಇತ್ತು, ಇವರಿಗೆ ಮಾತ್ರ ಯಾರೂ ಅದನ್ನು ಹೇಳಿರಲಿಲ್ಲ. ಅಷ್ಟು ಜೋಪಾನ ಮಾಡಿದ್ದರು. ಐದು ತಿಂಗಳು ಯಾರೂ ಅದನ್ನು ನಿಲ್ಲಿಸಿರಲಿಲ್ಲ.

ಇನ್ನೊಂದು ತಪ್ಪನ್ನು ಇವರೇ ತೋರಿಸಿದರು. ಪೈಪನ್ನು ಯಾರೋ ಬಾಗಿಲ ಚೌಕಟ್ಟಿನ ಮೇಲೆ ಹತ್ತಿಸಿ ಆ ಕಡೆ ಇಳಿಸಿದ್ದರು. ಆ ಗೂನಿನಲ್ಲಿ ಗಾಳಿ ಕಟ್ಟುತ್ತದೆ. ಅಲ್ಲಿಂದ ತುಣುಕು ತುಣುಕಾಗಿ ಚಿಪ್ಪಿಗೆ ಬರುತ್ತದೆ.

“ಇದು ಮೊದ್ಲೇ ಗೊತ್ತಿತ್ತಾ ನಿಮ್ಗೆ?”

“ಗೂನು ನೋಡಿದ್ದೆ ಕಣಮ್ಮ. ದೊಡ್ಡ ಕಂಪ್ನಿಯೋರು ಹಾಕಿರೋ ಪೈಪು, ನಾನ್ಯಾರು ಹೇಳಕ್ಕೆ ಅಂತ ಸುಮ್ನಾದೆ.”

“ಸುಮ್ನಾಗ್ಬೇಡಿ ಇನ್ಮೇಲೆ” ಎಂದಳಂತೆ.

ಏಜೆನ್ಸಿಯವ ಬಿಡಲಿಲ್ಲ. ಹದಿನೈದು ದಿನ ಬರಬೇಡಿ ಎಂದ. ಇವರು ಮನೆಯಲ್ಲಿ ಕೂತರು. “ಹೇಳ್ಬೇಡಿ ಅಂದೆ. ಕೇಳಿದ್ರಾ ನನ್ ಮಾತ?” ಎಂದು ನಾನು ದಿನಕ್ಕೆ ಹತ್ತು ಸಲ ಅಂದೆ. ಇವರು ನನ್ನ ಹಳೆಯ ಹೊಲಿಗೆ ಮೆಷಿನ್ ಬಿಚ್ಚಿ ಎಣ್ಣೆ ಹಾಕಿಕೊಂಡು ಹಾಡು ಗುನುಗುತ್ತಿದ್ದರು. ಹದಿನಾರನೇ ದಿನ ಶಿವಕಿರಣ್ ಬೈಕಿನಲ್ಲಿ ಬಾಗಿಲಿಗೆ ಬಂದ. ಒಳಗೆ ಬರಲು ಮುಜುಗರ.

“ಅಯ್ಯನೋರೆ, ಪೈಪ್ ಬದಲಾಯಿಸ್ಬೇಕಂತೆ. ನೀವೇ ಬರ್ಬೇಕು ಅಂತ ಮೇಡಂ ಹಠ.”

“ನೀನು ಕರೆಂಟ್ ಹೋಗಿತ್ತು ಅಂತ ಬರ್ದಿದ್ಯಲ್ಲ, ಅದನ್ನ ಹೊಡ್ದಾಕಿದ್ರಾ?”

“ಹೊಡ್ದಾಕಿದ್ರು. ಪಕ್ಕದಲ್ಲಿ ಪೂಜೆ ಅಂತ ಬರೆದವ್ರೆ. ಇಂಗ್ಲಿಷಲ್ಲಿ.”

ಕಾರ್ತೀಕ, ಮಾರ್ಗಶಿರ ಎರಡು ತಿಂಗಳು ಇವರು ಆ ಪೈಪಿನ ಕೆಲಸ ಮಾಡಿದರು. ಗೂನು ತೆಗೆದರು. ಎತ್ತರದ ಕಡೆ ಗಾಳಿ ತಾನಾಗಿ ಹೊರಗೆ ಹೋಗುವ ಒಂದು ಸಣ್ಣ ವಾಲ್ವು ಕೂರಿಸಿದರು. ಎಂಟು ಗಂಟೆ ಓಡಿಸಿ ನೋಡಿದರು. ಹನ್ನೆರಡು ಗಂಟೆ ನೋಡಿದರು. ಎಪ್ಪತ್ತು ಡಿಗ್ರಿ ದಾಟಲಿಲ್ಲ. ಇನ್ನು ಇಪ್ಪತ್ತನಾಲ್ಕು ಗಂಟೆಯ ಕೊನೆಯ ಟೆಸ್ಟು ಉಳಿದಿತ್ತು. ಮಾಘದಲ್ಲಿ.

ಇವರು ಪುಷ್ಯದಲ್ಲಿ ಹೋದರು.

ಶಿವಗಣಾರಾಧನೆ ಮುಗಿದು ಎರಡು ವಾರಕ್ಕೆ ಲಾಸ್ಯ ಮನೆಗೆ ಬಂದಳು. ಹಣ್ಣು ತಂದಿದ್ದಳು. ಕೂತಳು. ನಾನು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಅಮ್ಮ, ಶನಿವಾರ ಮಧ್ಯಾಹ್ನ ಟೆಸ್ಟ್ ಮುಗಿಯುತ್ತೆ. ನೀವು ಬರ್ಬೇಕು.”

“ನಾನ್ ಬಂದು ಏನ್ ಮಾಡ್ಲಿ?”

“ಸುಮ್ನೆ ಕೂತ್ಕೊಳ್ಳಿ.”

“ಸುಮ್ನೆ ಕೂರೋದು ಇಲ್ಲೇ ಆಯ್ತಾ ಅದೆ.”

ಅವಳು ತಲೆ ಬಗ್ಗಿಸಿದಳು. ನನಗೇ ಕೆಟ್ಟದೆನಿಸಿತು. “ಕೆಟ್ಟೋದ್ರೆ ಏನಾಯ್ತದೆ?” ಎಂದೆ.

“ನಾವು ಆರು ಜನ ಮನೆಗೆ. ಚಿಪ್ ಬೀರುವಿಗೆ. ಅದರ ಕೆಲ್ಸ ಮುಂದಕ್ಕೆ ಹೋಗಲ್ಲ.”

“ಬರ್ತೀನಿ” ಎಂದೆ.

ಶನಿವಾರ ಶಿವಕಿರಣ್ ಬೈಕಿನಲ್ಲಿ ಕರೆದುಕೊಂಡು ಹೋದ. ಬಸ್ಸು ನನಗೆ ಆಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ಬಂದ.

ಗಾಜಿನ ಕೋಣೆ. ಹೊರಗೆ ಕುರ್ಚಿ. ಟ್ರಸ್ಟಿನ ಕಡೆಯಿಂದ ಪದ್ಮಾವತಿ ಎಂಬ ಡಾಕ್ಟರು ಬಂದಿದ್ದರು. ಕ್ಯಾನ್ಸರ್ ನೋಡುವವರು, ಬಿಳಿ ಕೂದಲು. ನನ್ನ ಪಕ್ಕವೇ ಕೂತರು. ಗೋಡೆಯ ಮೇಲೆ ಒಂದು ಪರದೆ. ಅದರಲ್ಲಿ ಎರಡು ಅಂಕಿ. ಒಂದು, ಎಷ್ಟು ಗಂಟೆ ಓಡಿದೆ ಎಂದು. ಇನ್ನೊಂದು ಬಿಸಿ. ನಾನು ಹೋದಾಗ ಇಪ್ಪತ್ತೆರಡು ಗಂಟೆ ಆಗಿತ್ತು. ಬಿಸಿ ಎಪ್ಪತ್ತು. ಇನ್ನು ಎರಡು ಗಂಟೆ.

ಹನ್ನೊಂದು ಗಂಟೆಗೆ ಎಪ್ಪತ್ತಮೂರು ಆಯಿತು. ಎಪ್ಪತ್ತಾರು. ಲಾಸ್ಯ ಎದ್ದು ನಿಂತಳು. ಎಪ್ಪತ್ತೊಂಬತ್ತು. ಪಂಪು ನಿಲ್ಲಿಸಿ ಹಾಕಿಬಿಡೋಣವೇ ಎಂದು ಒಬ್ಬ ಹುಡುಗ ಕೇಳಿದ. “ನಿಲ್ಸಿದ್ರೆ ಆರಿಹೋಗುತ್ತೆ. ಅಲ್ಲಿಗೆ ಮುಗೀತು” ಎಂದಳು. ಎಂಬತ್ತೆರಡು. ತೊಂಬತ್ತು ದಾಟಿದರೆ ಏನು ಎಂದು ನನಗೂ ಗೊತ್ತಿತ್ತು. ಸೆರಗನ್ನು ಕೈಗೆ ಸುತ್ತಿಕೊಂಡು ಕೂತಿದ್ದೆ.

ಶಿವಕಿರಣನ ಮುಖ ಬೆಳ್ಳಗಾಗಿತ್ತು. ಗೋಡೆಗೆ ಒರಗಿದ್ದವನು ಎಲ್ಲರ ನಡುವೆ ಬಂದು ನಿಂತ. ಡಾಕ್ಟರೂ ಅಲ್ಲೇ ಇದ್ದರು. ಏಜೆನ್ಸಿಯವನೂ ಇದ್ದ.

“ಮೇಡಂ, ನಂದೇ ತಪ್ಪು. ಗಾಳಿ ಹೋಗೋ ವಾಲ್ವು ನಿನ್ನೆ ಬೆಳಿಗ್ಗೆ ಒಸಿ ತೊಟ್ಟಿಕ್ತಾ ಇತ್ತು. ನೀರು ಯಾಕೆ ವೇಸ್ಟು ಅಂತ ಮುಚ್ಳ ಬಿಗಿ ಮಾಡ್ಬುಟ್ಟೆ. ಅದು ಸಡ್ಲ ಇರ್ಬೇಕು ಅಂತ ಅಯ್ಯನೋರು ಹೇಳಿದ್ರು. ಮರ್ತೋಯ್ತು.”

“ನಿಂತಿದೀರಲ್ಲ! ಓಡಿ!”

ಓಡಿದ. ಎಂಬತ್ತೈದು. ಎಂಬತ್ತಾರು. ಗೋಡೆಯ ಆ ಕಡೆಯಿಂದ ಸುಸ್ ಎಂದು ಸದ್ದು ಬಂತು, ಕುಕ್ಕರಿನ ಗಾಳಿ ಬಿಟ್ಟಂತೆ. ಎಂಬತ್ತಾರರಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೋ. ಆಮೇಲೆ ಎಂಬತ್ತನಾಲ್ಕು. ಎಂಬತ್ತು. ಎಪ್ಪತ್ತೈದು. ಲಾಸ್ಯ ನೆಲದ ಮೇಲೆ ಕೂತುಬಿಟ್ಟಳು. ಶಿವಕಿರಣ್ ಷರ್ಟೆಲ್ಲ ಒದ್ದೆ ಮಾಡಿಕೊಂಡು ವಾಪಸು ಬಂದ.

ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತನಾಲ್ಕು ಗಂಟೆ ಆಯಿತು. ಒಂದು ಸಲವೂ ನಿಧಾನವಾಗಲಿಲ್ಲ. ಹುಡುಗರೆಲ್ಲ ಕೂಗಾಡಿದರು. ಡಾಕ್ಟರು ಒಂದು ಕಾಗದಕ್ಕೆ ರುಜು ಹಾಕಿ ಲಾಸ್ಯಳ ಕೈಗೆ ಕೊಟ್ಟರು.

ಎಲ್ಲ ಮುಗಿದ ಮೇಲೆ ನಾನು ಡಾಕ್ಟರನ್ನು ಕೇಳಿದೆ. “ಇದು ಆಸ್ಪತ್ರೆಗೆ ಯಾವಾಗ ಬರ್ತದೆ?”

“ಇನ್ನೂ ಮೂರ್ನಾಲ್ಕು ವರ್ಷ ಬೇಕಮ್ಮ. ಯಂತ್ರ ಮಾಡ್ಬೇಕು, ಅದನ್ನ ನೂರು ಸಲ ಪರೀಕ್ಷೆ ಮಾಡ್ಬೇಕು. ಸುಳ್ಳು ಹೇಳಲ್ಲ.”

ಈ ಚಿಪ್ ಇದ್ದಿದ್ದರೆ ನಮ್ಮವರು ಉಳಿಯುತ್ತಿದ್ದರು ಎಂದು ನಾನೂ ಸುಳ್ಳು ಹೇಳುವುದಿಲ್ಲ. ಅವರದು ಹೃದಯ. ಇದು ಬೇರೆಯವರಿಗೆ.

“ನೋಡ್ತೀರಾ ಹೇಗೆ ಕೆಲ್ಸ ಮಾಡುತ್ತೆ ಅಂತ?” ಎಂದರು ಡಾಕ್ಟರು.

ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಕ್ಯಾಮೆರಾ. ಸೆರಗಿನ ಮೇಲೆ, ಎದೆಯ ಹತ್ತಿರ, ಒಂದು ಕಾಗದದ ಚುಕ್ಕಿ ಅಂಟಿಸಿದರು. ಪಕ್ಕದ ಪರದೆಯಲ್ಲಿ ನಾನೇ ಕಂಡೆ. ಎಷ್ಟು ಸೊರಗಿದ್ದೇನೆ ಎಂದು ಆಗಲೇ ಗೊತ್ತಾಗಿದ್ದು. ಪರದೆಯಲ್ಲಿ ಎರಡು ಬೆಳಕು ಬಂದವು, ಕೆಂಪು ಒಂದು, ಹಸಿರು ಒಂದು. ಕೆಂಪು ಹಳೆಯ ಕಂಪ್ಯೂಟರಿನದು. ಹಸಿರು ಹೊಸ ಚಿಪ್ಪಿನದು. ಕಾಗದದ ಚುಕ್ಕಿಯ ಮೇಲೆ ನಿಲ್ಲುವುದು ಅವುಗಳ ಕೆಲಸ.

ಉಸಿರು ಎಳೆದೆ. ಚುಕ್ಕಿ ಮೇಲೆ ಹೋಯಿತು. ಕೆಂಪು ತಡವಾಗಿ ಹಿಂದೆ ಹಿಂದೆ ಬಂತು. ಹಸಿರು ಚುಕ್ಕಿಯ ಮೇಲೇ ಇತ್ತು.

ಉಸಿರು ಹಿಡಿದೆ. ತಟ್ಟನೆ ಬಿಟ್ಟೆ. ಬೇಕೆಂದೇ ಕೆಮ್ಮಿದೆ.

“ಮೋಸ ಮಾಡಕ್ಕೆ ನೋಡ್ತಾವ್ರೆ ಮೇಡಂ” ಎಂದ ಶಿವಕಿರಣ್.

ಹಸಿರು ಚುಕ್ಕಿಯನ್ನು ಬಿಡಲಿಲ್ಲ. ನಾನು ಕೆಮ್ಮಿದರೆ ಕೆಮ್ಮಿನ ಜೊತೆಗೇ ಕುಣಿಯಿತು. ನಾಳೆ ಆಸ್ಪತ್ರೆಯ ಮೇಜಿನ ಮೇಲೆ ಯಾವ ಊರಿನವರು ಮಲಗುತ್ತಾರೋ, ಅವರು ಹೆದರಿ ಉಸಿರು ಬಿಗಿ ಹಿಡಿಯಬೇಕಾಗಿಲ್ಲ. ಹೇಗೆ ಬರುತ್ತದೋ ಹಾಗೆ ಬಿಡಬಹುದು.

“ಸಾಕಾ ಅಮ್ಮ?” ಎಂದಳು ಲಾಸ್ಯ.

“ತಡಿ” ಎಂದೆ. ಪುಷ್ಯದಿಂದ ನಾನು ಎದೆ ತುಂಬ ಉಸಿರು ಎಳೆದಿರಲಿಲ್ಲ. ಅಲ್ಲೇ ಕೂತು ಇನ್ನೂ ಸ್ವಲ್ಪ ಹೊತ್ತು ಉಸಿರಾಡಿದೆ.